ಕೋಣೆಯಲ್ಲಿ ಕಲಿತದ್ದು ರಂಗಕ್ಕೆ ಹೋದಾಗ

ಪಿಯುಸಿ ಫಲಿತಾಂಶ ಬಂದ ವಾರ ಮೈಸೂರು, ಮಂಡ್ಯದ ಕೆಲವು ಮನೆಗಳಲ್ಲಿ ಒಂದೇ ಬಗೆಯ ಚರ್ಚೆ ನಡೆಯುತ್ತದೆ. ಮಗಳು ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದಾಳೆ, ಮುಂದೆ ಅದನ್ನೇ ಓದುತ್ತೇನೆ ಎಂದು ಪಟ್ಟು ಹಿಡಿದಿದ್ದಾಳೆ. ಇನ್ನೊಂದು ಮನೆಯಲ್ಲಿ ಬೇಸಿಗೆ ಶಿಬಿರದಲ್ಲಿ ನಾಟಕದ ರುಚಿ ಹತ್ತಿಸಿಕೊಂಡ ಮಗ ಬಿ.ಪಿ.ಎ., ಅಂದರೆ ಪ್ರದರ್ಶಕ ಕಲೆಗಳ ಪದವಿ, ಸೇರುತ್ತೇನೆ ಅನ್ನುತ್ತಾನೆ. ಅಪ್ಪ ಕೆಲಸದ ವಿಷಯ ಕೇಳುತ್ತಾರೆ, ಅಮ್ಮ ಹಾಸ್ಟೆಲ್ಲು ಮತ್ತು ರಾತ್ರಿ ತಾಲೀಮಿನ ವಿಷಯ ಕೇಳುತ್ತಾರೆ. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಪ್ರಾಸ್ಪೆಕ್ಟಸ್ಸಿನಲ್ಲಿ ಉತ್ತರ ಸಿಗದ ಇನ್ನೊಂದು ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ. ಮೂರು ವರ್ಷ ಒಂದೇ ಕೋಣೆಯಲ್ಲಿ, ಒಂದೇ ತಂಬೂರಿಯ ಪಕ್ಕ, ಒಂದೇ ನೆಲದ ಮೇಲೆ ಕಲಿತದ್ದು ಜಾಗ ಬದಲಾದ ದಿನ ಎಷ್ಟು ಉಳಿಯುತ್ತದೆ?

ಈ ಪದವಿಯ ಪ್ರಾಯೋಗಿಕ ಪರೀಕ್ಷೆ ಸಾಮಾನ್ಯವಾಗಿ ಕಲಿತ ಜಾಗದಲ್ಲೇ ನಡೆಯುತ್ತದೆ. ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿರುತ್ತಾರೆ, ಪಕ್ಕದಲ್ಲಿ ಪಾಠ ಹೇಳಿದವರೇ ಕೂತಿರುತ್ತಾರೆ. ಶ್ರುತಿ ಪರಿಚಿತ, ಗೋಡೆ ಪರಿಚಿತ, ಗಡಿಯಾರ ಎಲ್ಲಿದೆ ಅನ್ನುವುದೂ ಗೊತ್ತು. ಅಂಕ ಚೆನ್ನಾಗಿಯೇ ಬರುತ್ತದೆ. ಅದೇ ವಿದ್ಯಾರ್ಥಿನಿ ತಿಂಗಳ ನಂತರ ಒಂದು ಸಭೆಯಲ್ಲಿ ಕೂತಾಗ ಎರಡು ವೇಗಗಳಲ್ಲಿ ಹಾಡುವ ವರ್ಣ ಎಂಬ ರಚನೆಯ ಎರಡನೇ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಎಡವುತ್ತಾಳೆ. ಪ್ರತಿಭೆ ಸಾಲದು ಎಂದುಬಿಡುವುದು ಸುಲಭ. ಹೆಚ್ಚಿನ ಸಲ ತಪ್ಪಿರುವುದು ಅಳತೆ: ಶ್ರುತಿಯದ್ದು, ನೆಲದ್ದು, ದೂರದ್ದು. ಈ ಅಳತೆಗಳನ್ನು ಪಠ್ಯಕ್ರಮ ಹೇಳಿಕೊಡುವುದಿಲ್ಲ, ಆದರೆ ಕಲಿಯಲು ಮೂರು ವರ್ಷ ಧಾರಾಳ ಸಾಕು.

ಮೈಸೂರು ಇದಕ್ಕೆ ಅನುಕೂಲದ ಊರು. ಮೈಸೂರು ವಿಶ್ವವಿದ್ಯಾನಿಲಯದ ಲಲಿತಕಲಾ ಕಾಲೇಜು ಇಲ್ಲಿದೆ. 1965ರಲ್ಲಿ ವಿಶ್ವವಿದ್ಯಾನಿಲಯ ನೃತ್ಯ ಕಲಿಸಲು ಶುರುಮಾಡಿದಾಗ ಮೊದಲ ರೀಡರ್ (ಅಧ್ಯಾಪಕಿ) ಆದವರು ಕೆ. ವೆಂಕಟಲಕ್ಷಮ್ಮ, ಮೈಸೂರಿನ ಹೆಸರಾಂತ ನರ್ತಕಿ ಜಟ್ಟಿ ತಾಯಮ್ಮನವರ ನೇರ ಶಿಷ್ಯೆ. 2009ರ ಕಾಯಿದೆಯಿಂದ ಹುಟ್ಟಿದ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ ಈ ಊರಿನದೇ. ಕೋರ್ಸಿನ ಅವಧಿಯ ಬಗ್ಗೆ ಮಾತ್ರ ಅಣ್ಣಂದಿರು, ಅಕ್ಕಂದಿರು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಮಾದರಿ ಬಂತು, 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಅವಧಿಯನ್ನೂ ಪಠ್ಯಪಟ್ಟಿಯನ್ನೂ ಆ ವರ್ಷದ ಪ್ರವೇಶದ ಅಧಿಸೂಚನೆಯಲ್ಲೇ ನೋಡಬೇಕು.

ಸಂಗೀತದಿಂದ ಶುರುಮಾಡೋಣ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೆಣ್ಣುಮಕ್ಕಳ ಶ್ರುತಿ ಸಾಮಾನ್ಯವಾಗಿ ಐದು ಅಥವಾ ಐದೂವರೆ, ಗಂಡುಮಕ್ಕಳದ್ದು ಒಂದರಿಂದ ಎರಡರ ಒಳಗೆ. ತರಗತಿಯಲ್ಲಿ ಇಬ್ಬರೂ ಇರುತ್ತಾರೆ, ಮೊಬೈಲಿನಲ್ಲಿ ತಂಬೂರಿ ಒಂದೇ ಇರುತ್ತದೆ. ಹುಡುಗಿಯರೇ ಹೆಚ್ಚಿದ್ದರೆ ಶ್ರುತಿ ಐದಕ್ಕೆ ನಿಲ್ಲುತ್ತದೆ, ಹುಡುಗರು ಒಂದು ಸ್ಥಾಯಿ ಕೆಳಗಿಳಿದು ಹಾಡುತ್ತಾರೆ. ಆಗ ಮಂದ್ರ ಪಂಚಮ (ಕೆಳಸ್ಥಾಯಿಯ ಪ) ಅವರ ಗಂಟಲಿಗೆ ಸಿಗುವುದೇ ಇಲ್ಲ. ತಾರ ಷಡ್ಜವೋ (ಮೇಲುಸ್ಥಾಯಿಯ ಸ), ಅವರ ಕಂಠದ ನಡುಭಾಗದಲ್ಲೇ ಮುಗಿದುಹೋಗುತ್ತದೆ. ಎರಡು ವರ್ಷ ಹೀಗೆ ಕಲಿತ ಹುಡುಗನಿಗೆ ಕಲಿತ ರಚನೆಗಳ ಪಾಠಾಂತರ ತುಂಬಿರುತ್ತದೆ, ಧ್ವನಿಯ ಮೇಲರ್ಧ ಮಾತ್ರ ಒಂದು ದಿನವೂ ದುಡಿದಿರುವುದಿಲ್ಲ. ಕಛೇರಿಯಲ್ಲಿ ಸ್ವಂತ ಶ್ರುತಿಗೆ ಕೂತಾಗ ತಾರ ಗಾಂಧಾರದಲ್ಲಿ ಗಂಟಲು ಹಿಡಿದುಕೊಂಡಿತು ಅನ್ನುತ್ತಾನೆ.

ಪರಿಹಾರ ಕಷ್ಟದ್ದಲ್ಲ, ಆದರೆ ಸಮಯ ಬೇಡುತ್ತದೆ. ತರಗತಿಯಲ್ಲಿ ಕಲಿತದ್ದನ್ನು ಅದೇ ದಿನ ಸ್ವಂತ ಶ್ರುತಿಯಲ್ಲಿ ಒಮ್ಮೆ ಪೂರ್ತಿ ಹಾಡಿಕೊಳ್ಳಬೇಕು. ಸ್ವಂತ ಶ್ರುತಿ ಯಾವುದು ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಮಂದ್ರ ಪಂಚಮದಲ್ಲಿ ನಾಲ್ಕು ಎಣಿಕೆ ನಡುಕವಿಲ್ಲದೆ ನಿಲ್ಲಬೇಕು, ತಾರ ಪಂಚಮವನ್ನು ಕತ್ತು ಎತ್ತದೆ ಮುಟ್ಟಬೇಕು. ಎರಡೂ ಸಾಧ್ಯವಾಗುವ ಶ್ರುತಿಯೇ ನಿಮ್ಮದು. ಶಾಲೆಯಲ್ಲಿ ಭಾವಗೀತೆ ಸ್ಪರ್ಧೆಗೆಂದು ಎತ್ತರಕ್ಕೆ ಹಾಡಿ ಅಭ್ಯಾಸವಾದ ಹುಡುಗಿಯರು ಇಲ್ಲಿ ಅರ್ಧ ಮನೆ ಇಳಿಯಬೇಕಾಗಬಹುದು, ಅದರಲ್ಲಿ ಅವಮಾನವೇನೂ ಇಲ್ಲ. ಹುಡುಗರಿಗೆ ಧ್ವನಿ ಒಡೆದು ಹೆಚ್ಚು ಕಾಲವಾಗಿರುವುದಿಲ್ಲ. ಹಾಗಾಗಿ ಮೊದಲ ವರ್ಷ ಗೊತ್ತುಮಾಡಿಕೊಂಡ ಶ್ರುತಿಯನ್ನು ಎರಡನೇ ವರ್ಷದಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.

ಲಯದ ಎಡವಟ್ಟಿಗೂ ಕಾರಣ ಸರಳ. ವರ್ಣವನ್ನು ಮೊದಲ ಕಾಲದಲ್ಲಿ ಎಲ್ಲಿ ಹಿಡಿಯಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡಿರುವುದಿಲ್ಲ. ನಿಮಿಷಕ್ಕೆ 50ರಿಂದ 60 ಎಣಿಕೆಯಲ್ಲಿ ಶುರುಮಾಡಿದರೆ ಎರಡನೇ ಕಾಲಕ್ಕೆ ಉಸಿರು ಉಳಿಯುತ್ತದೆ. ವೇದಿಕೆಯ ಭಯದಲ್ಲಿ ಹೃದಯ ಜೋರಾಗಿ ಹೊಡೆದುಕೊಳ್ಳುತ್ತಿರುತ್ತದೆ, ಕೈ ಅದನ್ನೇ ಹಿಂಬಾಲಿಸಿ 75ಕ್ಕೆ ತಾಳ ಹಾಕಲು ಶುರುಮಾಡುತ್ತದೆ. ಮೊದಲ ಕಾಲ ಬಲು ಸೊಗಸಾಗಿ ಕೇಳಿಸುತ್ತದೆ, ಎರಡನೆಯದರಲ್ಲಿ ಸ್ವರಗಳು ಒಂದರ ಮೇಲೊಂದು ಬೀಳುತ್ತವೆ. ಹಾಡುವ ಮುಂಚೆ ಮನಸ್ಸಿನಲ್ಲಿ ಎರಡನೇ ಕಾಲದ ಪಲ್ಲವಿಯನ್ನು ಒಮ್ಮೆ ಹೇಳಿಕೊಂಡು, ಅದರ ಅರ್ಧ ವೇಗಕ್ಕೆ ಇಳಿದು ಎತ್ತಿಕೊಳ್ಳುವುದು ಹಳೆಯ ಉಪಾಯ. ಈಗಲೂ ಅದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ವಾದ್ಯದವರಿಗೆ ಹವಾಮಾನವೂ ಒಂದು ವಿಷಯವೇ. ಮೃದಂಗದ ಚರ್ಮ ದೀಪಗಳ ಶಾಖಕ್ಕೆ ಬಿಗಿದು ಶ್ರುತಿ ಏರುತ್ತದೆ, ಮಳೆಗಾಲದ ತೇವಕ್ಕೆ ಸಡಿಲಾಗಿ ಇಳಿಯುತ್ತದೆ. ತರಗತಿಯಲ್ಲಿ ಕೂಡಿಸಿಕೊಂಡು ತಂದ ವಾದ್ಯವನ್ನು ವೇದಿಕೆಯ ಬೆಳಕು ಹಾಕಿ ಹತ್ತು ನಿಮಿಷವಾದ ಮೇಲೆ ಮತ್ತೆ ಕೂಡಿಸಬೇಕು. ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ವೀಣೆ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತದೆ. ಆಮೇಲೆ ಎಷ್ಟು ತಂತಿ ತಿರುಗಿಸಿದರೂ ಮೇಲಿನ ಸ್ಥಾಯಿ ಕೂಡುವುದಿಲ್ಲ, ಮೆಟ್ಟಿಲುಗಳನ್ನು ಮತ್ತೆ ಕೂರಿಸುವ, ಮೇಳ ಕಟ್ಟುವವರ ಹತ್ತಿರವೇ ಒಯ್ಯಬೇಕು. ಪರೀಕ್ಷೆಯ ಹಿಂದಿನ ವಾರ ಈ ಕೆಲಸ ಬಂದರೆ ಕಷ್ಟ.

ಇನ್ನು ಮೈಕು. ಕಾಲೇಜಿನ ತರಗತಿಯಲ್ಲಿ ಮೈಕ್ ಇರುವುದಿಲ್ಲ, ಹೊರಗೆ ಮೈಕ್ ಇಲ್ಲದ ಕಾರ್ಯಕ್ರಮವೇ ಇಲ್ಲ. ವೇದಿಕೆಯ ಮಾನಿಟರಿನಲ್ಲಿ (ಹಾಡುವವರ ಕಡೆಗೇ ತಿರುಗಿಸಿಟ್ಟ ಸ್ಪೀಕರಿನಲ್ಲಿ) ಏನು ಕೇಳಬೇಕೆಂದು ಸೌಂಡಿನವರಿಗೆ ಬಾಯಿಬಿಟ್ಟು ಹೇಳಬೇಕು: ಮೊದಲು ಶ್ರುತಿ, ಆಮೇಲೆ ನಿಮ್ಮ ಧ್ವನಿ, ಮೃದಂಗ ಅಳತೆಗೆ ಸ್ವಲ್ಪ. ಹೇಳದಿದ್ದರೆ ಅವರು ಎಲ್ಲವನ್ನೂ ಸಮನಾಗಿ ಕೊಡುತ್ತಾರೆ. ಮೃದಂಗದ ಸದ್ದಿನಲ್ಲಿ ನಿಮ್ಮ ಧ್ವನಿ ನಿಮಗೇ ಕೇಳಿಸದೆ, ನೀವು ಕೂಗಲು ಶುರುಮಾಡುತ್ತೀರಿ.

ನೃತ್ಯದಲ್ಲಿ ಕೋಣೆಯ ಮೊದಲ ಮೋಸ ಕನ್ನಡಿ. ಅರಮಂಡಿ (ಮೊಣಕಾಲು ಪಕ್ಕಕ್ಕೆ ಬಾಗಿಸಿದ ಅರೆಕೂತ ನಿಲುವು) ಸರಿಯಿದೆಯೆ, ಕೈ ಭುಜದ ಮಟ್ಟದಲ್ಲಿದೆಯೆ ಎಂದು ನೋಡಿ ತಿದ್ದಿಕೊಳ್ಳಲು ಅದು ಬೇಕು. ಎರಡು ವರ್ಷ ಕನ್ನಡಿಯನ್ನೇ ನೋಡುತ್ತ ಕುಣಿದವಳ ದೃಷ್ಟಿ ಮಾತ್ರ ಕನ್ನಡಿಯ ಎತ್ತರಕ್ಕೇ ಕಟ್ಟಿಬಿದ್ದಿರುತ್ತದೆ. ರಂಗದಲ್ಲಿ ಎದುರು ಕತ್ತಲು, ನೋಟ ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಕಣ್ಣು ಅಲೆಯುತ್ತದೆ. ನೃತ್ಯಶಾಸ್ತ್ರದ ಗ್ರಂಥ ಅಭಿನಯದರ್ಪಣದ ಎಂಟು ದೃಷ್ಟಿಭೇದ, ಒಂಬತ್ತು ಶಿರೋಭೇದ ಥಿಯರಿ ಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆದವರೇ ಇಲ್ಲಿ ಸೋಲುತ್ತಾರೆ. ವಾರದಲ್ಲಿ ಎರಡು ದಿನ ಕನ್ನಡಿಗೆ ಬೆನ್ನು ಹಾಕಿ ಮಾಡಬೇಕು. ಎದುರು ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕಿಂತ ಒಂದು ಗೇಣು ಮೇಲೆ ಗುರುತು ಹಾಕಿಕೊಂಡರೆ ಸಭಾಂಗಣದ ಹಿಂದಿನ ಸಾಲುಗಳ ಅಂದಾಜು ಸಿಗುತ್ತದೆ.

ಎರಡನೆಯದು ನೆಲ. ಸಿಮೆಂಟು, ಗ್ರಾನೈಟು, ಟೈಲ್ಸು ತಟ್ಟಿದ ಪೆಟ್ಟನ್ನು ಹೀರಿಕೊಳ್ಳುವುದಿಲ್ಲ, ಕಾಲಿಗೇ ಹಿಂತಿರುಗಿಸುತ್ತವೆ. ಮೊಣಕಾಲ ಕೆಳಗಿನ ಮುಂಭಾಗದ ಮೂಳೆಯಲ್ಲಿ ನೋವು ಶುರುವಾದರೆ ಅದು ಸಾಧನೆಯ ಲಕ್ಷಣವಲ್ಲ, ಕುಪ್ಪಳಿಸಿ ತಟ್ಟುವ ಅಡವುಗಳನ್ನು ಕೆಲವು ದಿನ ನಿಲ್ಲಿಸಬೇಕೆಂಬ ಸೂಚನೆ. ಅರಮಂಡಿಯಲ್ಲಿ ಮೊಣಕಾಲು ಕಾಲ್ಬೆರಳುಗಳು ತೋರುವ ದಿಕ್ಕಿಗೇ ಬಾಗಬೇಕು. ಪಾದ ಪಕ್ಕಕ್ಕೆ ತೆರೆದು ಮೊಣಕಾಲು ಮುಂದಕ್ಕೆ ಬಂದರೆ ಕೀಲು ತಿರುಚುತ್ತದೆ. ಸೊಂಟದಿಂದ ಎಷ್ಟು ತೆರೆಯುತ್ತದೋ ಅಷ್ಟೇ ಪಾದ ತೆರೆದರೆ ಸಾಕು, ಉಳಿದದ್ದು ತಿಂಗಳುಗಳಲ್ಲಿ ಬರುತ್ತದೆ.

ಭರತನಾಟ್ಯದ ಮೈಸೂರು ಶೈಲಿಯ ಹೆಚ್ಚುಗಾರಿಕೆ ಇರುವುದು ಅಭಿನಯದಲ್ಲಿ. ಹುಬ್ಬಿನ ಒಂದು ಅಲುಗು, ತುಟಿಯ ಅಂಚಿನ ಒಂದು ನಗೆ ಹತ್ತಿರ ಕೂತವರಿಗೆ ತಲುಪುವಷ್ಟು ಸೂಕ್ಷ್ಮ. ಅದನ್ನೇ ದಸರೆಯಲ್ಲಿ ಅರಮನೆ ಮುಂದಿನ ವೇದಿಕೆಗೆ ಒಯ್ದರೆ ಹತ್ತನೇ ಸಾಲಿನಿಂದಾಚೆಗೆ ಏನೂ ಕಾಣುವುದಿಲ್ಲ. ಆ ವೇದಿಕೆಗೆ ಸಮೂಹ ನೃತ್ಯ, ತಿಲ್ಲಾನ, ಅಗಲವಾದ ಚಲನೆ ಹೊಂದುತ್ತವೆ. ಅಭಿನಯವೇ ಮುಖ್ಯವಾದ ಪದ, ಜಾವಳಿಗೆ ಸಣ್ಣ ಸಭಾಂಗಣ ಬೇಕು. ಯಾವ ಜಾಗಕ್ಕೆ ಯಾವ ನೃತ್ಯಬಂಧ ಎಂದು ಆರಿಸುವುದನ್ನೂ ವಿದ್ಯಾರ್ಥಿ ಕಲಿಯಬೇಕು. ಗುರುಗಳು ಆರಿಸಿಕೊಟ್ಟದ್ದನ್ನು ಮಾಡಿ ಬರುವುದರಲ್ಲೇ ಪದವಿ ಮುಗಿದುಹೋಗುವುದು ಈ ಕ್ಷೇತ್ರದ ಹಳೆಯ ಕೊರತೆ. ನಟುವಾಂಗವನ್ನು, ಅಂದರೆ ತಾಳ ಹಾಕಿ ಸೊಲ್ಲು ಹೇಳಿ ನೃತ್ಯ ನಡೆಸುವುದನ್ನು, ಬರೀ ಪರೀಕ್ಷೆಯ ಪತ್ರಿಕೆಯಾಗಿ ನೋಡದೆ ತಾಳ ಹಿಡಿದು ಜೂನಿಯರ್‌ಗಳನ್ನು ಕುಣಿಸಿ ನೋಡಿದವರಿಗೆ ಆ ತಿಳಿವಳಿಕೆ ಬೇಗ ಬರುತ್ತದೆ. ಪೆನ್‌ಡ್ರೈವ್ ಹಾಡಿಗೆ ಕುಣಿದವರಿಗೆ ಜೀವಂತ ಹಿಮ್ಮೇಳದಲ್ಲಿ ಕಾಲಪ್ರಮಾಣ ಕೊಂಚ ಕದಲಿದರೂ ದಿಕ್ಕು ತಪ್ಪುವುದಕ್ಕೆ ಕಾರಣವೂ ಈ ತಿಳಿವಳಿಕೆಯ ಕೊರತೆಯೇ.

ನಾಟಕದ ಪಾಡು ಇದಕ್ಕಿಂತ ದೊಡ್ಡದು, ಏಕೆಂದರೆ ಇಲ್ಲಿ ಹದಿನೈದು ಇಪ್ಪತ್ತು ಜನರ ಅಳತೆ ಒಟ್ಟಿಗೆ ತಪ್ಪಬಹುದು.

ತೊಂಬತ್ತು ನಿಮಿಷದ ನಾಟಕಕ್ಕೆ ಸಂಜೆ ಮೂರು ಗಂಟೆಯಂತೆ ನಲವತ್ತರಿಂದ ನಲವತ್ತೈದು ದಿನದ ತಾಲೀಮು ಬೇಕು. ಮೊದಲ ಏಳೆಂಟು ದಿನ ಕೂತು ಓದುವುದು. ವಿದ್ಯಾರ್ಥಿ ತಂಡಗಳು ಕತ್ತರಿಸುವುದು ಇದನ್ನೇ. ಎರಡು ದಿನ ಓದಿ, ಮಾತು ಬಾಯಿಪಾಠ ಮಾಡಿಕೊಂಡು ಬನ್ನಿ ಎಂದು ಕಳಿಸಿದರೆ ಪ್ರತಿಯೊಬ್ಬರೂ ಹಾಸ್ಟೆಲ್ಲಿನಲ್ಲಿ ಒಬ್ಬೊಬ್ಬರೇ ಕಲಿಯುತ್ತಾರೆ, ಮಾತಿಗೆ ಒಂದು ರಾಗ ಕೂತುಬಿಡುತ್ತದೆ. ಎದುರಿನವನು ಏನೇ ಹೇಳಲಿ, ಉತ್ತರ ಅದೇ ರಾಗದಲ್ಲಿ ಬರುತ್ತದೆ. ಆ ರಾಗ ಬಿಡಿಸಲು ಓದಿನಲ್ಲಿ ಉಳಿತಾಯ ಮಾಡಿದ ದಿನಗಳ ಮೂರು ಪಟ್ಟು ಹೋಗುತ್ತದೆ. ಓದಿನ ನಂತರ ಎರಡು ವಾರ ಚಲನೆ, ಇಪ್ಪತ್ತನೇ ದಿನದ ಹೊತ್ತಿಗೆ ಕೈಯಿಂದ ಸ್ಕ್ರಿಪ್ಟ್ ಕೆಳಗೆ, ಕೊನೆಯ ಹತ್ತು ದಿನ ಮೊದಲಿಂದ ಕೊನೆಯವರೆಗೆ ನಾಟಕದ ಪೂರ್ತಿ ಓಟ, ಅದರಲ್ಲಿ ಕೊನೆಯ ಮೂರು ದಿನ ಬೆಳಕು, ಸೆಟ್ಟು, ಗ್ರ್ಯಾಂಡ್ ರಿಹರ್ಸಲ್. ನಾಟಕಕಾರರ ಅಥವಾ ಅವರ ಮನೆಯವರ ಅನುಮತಿ ಪತ್ರ ಮೊದಲ ದಿನವೇ ಕೈಯಲ್ಲಿರಬೇಕು, ಪೋಸ್ಟರ್ ಅಚ್ಚಾದ ಮೇಲಲ್ಲ.

ತಾಲೀಮಿನ ಕೋಣೆ ಇಪ್ಪತ್ತು ಅಡಿ ಅಗಲವಿರುತ್ತದೆ, ಆಡುವ ರಂಗ ಮೂವತ್ತು ಅಡಿ ಇರಬಹುದು. ವಿಂಗಿನಿಂದ (ರಂಗದ ಪಕ್ಕದ ಮರೆಯಿಂದ) ನಡುರಂಗಕ್ಕೆ ಐದು ಹೆಜ್ಜೆಯಲ್ಲಿ ಬರುತ್ತಿದ್ದವನಿಗೆ ಎಂಟು ಹೆಜ್ಜೆ ಬೇಕಾಗುತ್ತದೆ. ನಡೆಯುತ್ತ ಹೇಳುವ ಮಾತು ಮೊದಲೇ ಮುಗಿದು ಕೊನೆಯ ಮೂರು ಹೆಜ್ಜೆ ಮೌನದಲ್ಲಿ ಬೀಳುತ್ತವೆ. ಪ್ರವೇಶದ ಹಾಡಿಗೆ ಎರಡು ಸಾಲು ಸಾಲದಾಗುತ್ತದೆ. ಆಡಲಿರುವ ರಂಗವನ್ನು ಟೇಪ್ ಹಿಡಿದು ಅಳೆದು ಬಂದು, ಸೀಮೆಸುಣ್ಣದಲ್ಲಿ ಅದೇ ಅಳತೆಯನ್ನು ಕಾಲೇಜಿನ ಅಂಗಳದಲ್ಲಿ ಬರೆದು ತಾಲೀಮು ಮಾಡಿದರೆ ಈ ತೊಂದರೆ ಶುರುವಾಗುವುದೇ ಇಲ್ಲ. ಆರಡಿ ನಾಲ್ಕಡಿಯ ಲೆವೆಲ್ (ಮೇಲೆ ಹತ್ತಿ ನಿಲ್ಲುವ ಕಟ್ಟೆ) ಬಳಸುವುದಾದರೆ ಅದನ್ನೂ ಬರೆಯಿರಿ. ಸೀರೆ, ಕಚ್ಚೆ, ಕಿರೀಟ ಇದ್ದರೆ ಹಳೆಯ ಬಟ್ಟೆಯಲ್ಲಾದರೂ ಎರಡು ವಾರ ಮುಂಚೆ ಉಟ್ಟು ಮೆಟ್ಟಿಲು ಹತ್ತಿ ಇಳಿಯಬೇಕು.

ಧ್ವನಿಗೆ ಬರೋಣ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಶುರುವಾದ ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಆವರಣದಲ್ಲೇ ಎರಡು ವಿರುದ್ಧ ರಂಗಗಳಿವೆ. ಪ್ರೇಕ್ಷಕರು ಹತ್ತಿರವೇ ಕೂರುವ ಭೂಮಿಗೀತ, ತಲೆಯ ಮೇಲೆ ಆಕಾಶವಿರುವ ವನರಂಗ. ಒಂದರಲ್ಲಿ ಪಿಸುಮಾತೂ ಕೇಳುತ್ತದೆ. ಇನ್ನೊಂದರಲ್ಲಿ ಮಾತಿನ ಕೊನೆಯ ಅಕ್ಷರ ಗಾಳಿಗೆ ಹೋಗುತ್ತದೆ, ಏಕೆಂದರೆ ತಿರುಗಿಸಿ ಕೊಡಲು ಗೋಡೆಯಿಲ್ಲ. ಬಯಲಿನಲ್ಲಿ ಕೂಗಬಾರದು, ಸ್ವರಾಕ್ಷರವನ್ನು ಎಳೆದು ವಾಕ್ಯದ ಕೊನೆಯನ್ನು ಇಳಿಸದೆ ಹಿಡಿಯಬೇಕು. ಇದಕ್ಕೆ ಭಾಮಿನಿ ಷಟ್ಪದಿಗಿಂತ ಒಳ್ಳೆಯ ಕಸರತ್ತು ನಮ್ಮಲ್ಲಿಲ್ಲ. ಒಂದು, ಎರಡು, ನಾಲ್ಕು, ಐದನೇ ಸಾಲುಗಳಿಗೆ ಮೂರು-ನಾಲ್ಕು, ಮೂರು-ನಾಲ್ಕರಂತೆ 14 ಮಾತ್ರೆ, ಮೂರು ಮತ್ತು ಆರನೇ ಸಾಲಿಗೆ ಅದೇ ಗಣ ಮೂರು ಸಲ ಬಂದು ಮೇಲೊಂದು ಗುರು, ಒಟ್ಟು 23 ಮಾತ್ರೆ. ಆ ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ, ಕೊನೆಯ ಗುರು ಸೊರಗದಂತೆ ಹೇಳಬೇಕು. ದಿನಕ್ಕೆ ಆರು ಪದ್ಯ, ಒಂದು ತಿಂಗಳು.

ಮಂಡ್ಯ ಕಡೆಯ ಹಳ್ಳಿಗಳಿಂದ ಬರುವ ಹುಡುಗರ ಬಗ್ಗೆ ಎರಡು ಮಾತು ಹೇಳಲೇಬೇಕು. ಊರ ಹಬ್ಬದ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಂದಪದ್ಯ ಕಲಿತು, ಬಾಡಿಗೆ ಸೀನರಿಯ ಮುಂದೆ ದುರ್ಯೋಧನನಾಗಿ ಬೆಳಗಿನ ಜಾವದವರೆಗೆ ನಿಂತವನು ಕಾಲೇಜಿಗೆ ಬಂದ ಮೊದಲ ತಿಂಗಳು ಕುಗ್ಗಿಹೋಗುತ್ತಾನೆ. ಅವನ ಆಟ ‘ಓವರ್’ ಅನ್ನುತ್ತಾರೆ. ಬಯಲಿನ ಅಳತೆಗೆ ಅದು ಸರಿಯಾಗೇ ಇತ್ತು, ಭೂಮಿಗೀತದ ಅಳತೆಗೆ ಇಳಿಸಬೇಕು ಅಷ್ಟೆ. ಇಳಿಸುವುದು ಏರಿಸುವುದಕ್ಕಿಂತ ಸುಲಭ. ಎಂದೂ ಬಯಲಿನಲ್ಲಿ ನಿಲ್ಲದ ನಗರದ ಹುಡುಗನಿಗೆ ಏರಿಸುವುದನ್ನು ಕಲಿಸಲು ವರ್ಷ ಹಿಡಿಯುತ್ತದೆ. ಹಳ್ಳಿ ಹುಡುಗ ನಿಜವಾಗಿ ತಿದ್ದಿಕೊಳ್ಳಬೇಕಾದ್ದು ಬೇರೆ: ಎತ್ತರದ ಶ್ರುತಿಗೆ ಗಂಟಲು ಬಿಗಿಹಿಡಿದು ಹಾಡುವ ಅಭ್ಯಾಸ, ಮತ್ತು ಹಕಾರ ಬಿಟ್ಟುಹೋಗುವುದು. ‘ಹಾಲು’ ‘ಆಲು’ ಆಗುವುದು ಮಂಡ್ಯದ ಪಾತ್ರಕ್ಕೆ ಬಂಗಾರ, ಹಳಗನ್ನಡ ಪದ್ಯಕ್ಕೆ ಅಡ್ಡಿ. ಎರಡೂ ಬಾಯಿಯಲ್ಲಿರಲಿ. ಒಂದನ್ನು ಅಳಿಸಿ ಇನ್ನೊಂದನ್ನು ಬರೆಯುವ ಮೇಷ್ಟ್ರುಗಳ ಮಾತು ಕೇಳಬೇಕಾಗಿಲ್ಲ.

ಬೆಳಕಿನಲ್ಲಿ ಕೆಡುವುದು ಕಲೆಗಿಂತ ಮೊದಲು ವಿದ್ಯುತ್ತು. ಸಾವಿರ ವ್ಯಾಟಿನ ಹಳೆಯ ಪಾರ್ ಕ್ಯಾನ್ ರಂಗದೀಪ ಹನ್ನೆರಡು ಹಾಕಿದರೆ 12 ಕಿಲೋವ್ಯಾಟ್. 230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಅದು 52 ಆಂಪಿಯರ್ ಎಳೆಯುತ್ತದೆ. ಕಾಲೇಜಿನ ಸಭಾಂಗಣದ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ನಾಟಕದ ನಡುವೆ ಹೊರೆ ಹೆಚ್ಚಾದರೆ ತಾನೇ ಆರುವ ಎಂ.ಸಿ.ಬಿ. ಸ್ವಿಚ್ಚು ಬಿದ್ದೇ ಬೀಳುತ್ತದೆ, ಅದೂ ಎಲ್ಲ ದೀಪ ಒಟ್ಟಿಗೆ ಏರುವ ದೃಶ್ಯದಲ್ಲಿ. ತ್ರೀ ಫೇಸಿಗೆ ನಾಲ್ಕು ನಾಲ್ಕರಂತೆ ಹಂಚಿದರೆ ಫೇಸಿಗೆ 17 ಆಂಪಿಯರ್ ಚಿಲ್ಲರೆ. ಈ ಸಂಪರ್ಕವನ್ನು ಲೈಸೆನ್ಸಿರುವ ಎಲೆಕ್ಟ್ರಿಷಿಯನ್ನೇ ಕೊಡಬೇಕು. ಸೌಂಡಿಗೆ ಬೇರೆಯದೇ ಲೈನ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಡಿಮ್ಮರ್ ಇಳಿಸಿದಾಗಲೆಲ್ಲ ಸ್ಪೀಕರ್ ಗುಂಯ್‌ಗುಟ್ಟುತ್ತದೆ. ಎಲ್‌ಇಡಿ ಪಾರ್ ಬಂದ ಮೇಲೆ ಈ ಲೆಕ್ಕ ಹಗುರಾಯಿತು, ಆದರೆ ಅದರ ಕೆಂಪು ಹಸಿರು ನೀಲಿ ಬೆರೆಸಿದ ಬಿಳುಪಿನಲ್ಲಿ ಮೈಬಣ್ಣ ನಿರ್ಜೀವವಾಗಿ ಕಾಣುತ್ತದೆ. ಪ್ರಸಾಧನವನ್ನು ಗ್ರೀನ್ ರೂಮಿನ ಟ್ಯೂಬ್‌ಲೈಟಿನಲ್ಲಿ ಮುಗಿಸಿ ಬಿಡದೆ, ಒಬ್ಬ ನಟನನ್ನು ರಂಗದ ಬೆಳಕಿನಲ್ಲಿ ನಿಲ್ಲಿಸಿ ಕೊನೆಯ ಸಾಲಿನಿಂದ ನೋಡಬೇಕು. ಗಡ್ಡ ಮೀಸೆ ಅಂಟಿಸುವ ಗಮ್ಮನ್ನು ಹಿಂದಿನ ದಿನ ಕಿವಿಯ ಹಿಂದೆ ಹಚ್ಚಿ ನೋಡಿ. ತುರಿಕೆ ಬಂದರೆ ಬೇರೆ ದಾರಿ ಹುಡುಕಲು ಒಂದು ದಿನ ಸಿಗುತ್ತದೆ. ಬಣ್ಣ ತೆಗೆಯಲು ಕೊಬ್ಬರಿ ಎಣ್ಣೆಯೇ ಸಾಕು.

ನೇಪಥ್ಯದ ಕೆಲಸವನ್ನು ಪಾತ್ರ ಸಿಗದವರಿಗೆ ಹಂಚುವ ಪದ್ಧತಿ ಬಹಳ ಕಡೆ ಇದೆ. ಅದು ತಪ್ಪು ಲೆಕ್ಕ. ಪರಿಕರದ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ, ಪ್ರತಿ ವಸ್ತುವಿನ ಆಕಾರ ಬರೆದು, ಅದರ ಮೇಲೇ ಆ ವಸ್ತು ಇಡುವ ಹುಡುಗಿಗೆ ನಾಟಕ ನಡೆಯುತ್ತಿರುವಾಗ ಏನು ಕಾಣೆಯಾಗಿದೆ ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ. ನಾಟಕ ಹೇಗೆ ಕಟ್ಟಿದ್ದಾರೆ ಎಂಬ ತಿಳಿವಳಿಕೆಯೂ ನಡುರಂಗದಲ್ಲಿ ನಿಂತವನಿಗಿಂತ ಅವಳಿಗೇ ಹೆಚ್ಚು. ರಂಗಾಯಣದ ಬಹುರೂಪಿ ನಾಟಕೋತ್ಸವದಲ್ಲಿ ಸ್ವಯಂಸೇವಕರಾಗಿ ಓಡಾಡಿದರೆ ಬೇರೆ ರಾಜ್ಯದ ತಂಡಗಳು ಅರ್ಧ ದಿನದಲ್ಲಿ ಸೆಟ್ಟು ನಿಲ್ಲಿಸಿ ಬಿಚ್ಚುವುದನ್ನು ಪಕ್ಕದಲ್ಲೇ ನಿಂತು ನೋಡಬಹುದು. ದಸರೆಯ ಯುವ ಸಂಭ್ರಮಕ್ಕೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಸೇರುವ ಹುಡುಗರ ಗದ್ದಲವೂ ಒಂದು ಪಾಠವೇ. ಅಲ್ಲಿ ಮೊದಲ ಅರ್ಧ ನಿಮಿಷದಲ್ಲಿ ಹಿಡಿಯದಿದ್ದರೆ ಮುಂದಿನದು ಯಾರಿಗೂ ಬೇಡ.

ಇಷ್ಟೆಲ್ಲ ಓಡಾಡಿದರೆ ಹಾಜರಾತಿ ಏನಾಗಬೇಕು ಎಂದು ಕೇಳಬಹುದು. ದಸರೆಯ ಕಾರ್ಯಕ್ರಮಗಳು ಸೆಮಿಸ್ಟರಿನ ನಡುವೆಯೇ ಬರುತ್ತವೆ, ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಕಾರ್ಯಕ್ರಮಕ್ಕೆ ಹೋಗುವ ಮುಂಚೆ ವಿಭಾಗಕ್ಕೆ ಪತ್ರ, ಬಂದ ಮೇಲೆ ಸಂಘಟಕರ ಪತ್ರ, ಎರಡರ ನಕಲೂ ನಿಮ್ಮ ಹತ್ತಿರ. ಆಹ್ವಾನಪತ್ರಿಕೆ, ಬ್ರೋಶರ್, ಪತ್ರಿಕಾ ವರದಿಗಳನ್ನು ದಿನಾಂಕದ ಪ್ರಕಾರ ಒಂದೇ ಫೈಲಿನಲ್ಲಿಡಿ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆ ಪ್ರವೇಶಕ್ಕೆ ಪದವಿಯ ಜತೆ ನಾಟಕಗಳಲ್ಲಿ ಭಾಗವಹಿಸಿದ ದಾಖಲೆ ಕೇಳುತ್ತದೆ. ಕೇಂದ್ರ ಸಂಸ್ಕೃತಿ ಸಚಿವಾಲಯ 18ರಿಂದ 25 ವರ್ಷದ ಯುವ ಕಲಾವಿದರಿಗೆ ಎರಡು ವರ್ಷ ಕೊಡುವ ವಿದ್ಯಾರ್ಥಿವೇತನಕ್ಕೂ ಗುರುಗಳ ಹತ್ತಿರ ಕಲಿತ ವರ್ಷಗಳ ಪುರಾವೆ ಬೇಕು. ಮುಂದೆ ಅಧ್ಯಾಪಕರಾಗಬೇಕೆಂದರೆ ಸ್ನಾತಕೋತ್ತರ ಪದವಿಯ ಮೇಲೆ ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಸಂಗೀತ ಒಂದು ವಿಷಯ, ನೃತ್ಯ-ನಾಟಕ ಸೇರಿ ಇನ್ನೊಂದು. ಅಪ್ಪ ಕೇಳಿದ ಕೆಲಸದ ಪ್ರಶ್ನೆಗೆ ಇದು ಒಂದು ಭಾಗದ ಉತ್ತರ. ಉಳಿದ ಭಾಗ ಮನೆಪಾಠ, ಶಾಲೆಯ ಕೆಲಸ, ಧಾರಾವಾಹಿ, ಕಾರ್ಯಕ್ರಮಗಳ ನಡುವೆ ಹಂಚಿಹೋಗಿದೆ, ಯಾವುದೂ ತಿಂಗಳ ಒಂದನೇ ತಾರೀಖಿಗೆ ಬರುವ ಸಂಬಳದಷ್ಟು ಖಚಿತವಲ್ಲ.

ಪದವಿ ಮುಗಿಯುವ ಮೊದಲೇ ನೋಡಬೇಕಾದ ಇನ್ನೊಂದು ಜಾಗ ಆಕಾಶವಾಣಿಯ ಆಡಿಷನ್. ಅಲ್ಲಿ ಪ್ರೇಕ್ಷಕರ ಮುಖವಿಲ್ಲ, ಉಡುಪಿಗೆ ಅಂಕವಿಲ್ಲ, ಕೇಳಿಸುವುದು ಧ್ವನಿ ಮಾತ್ರ. ಸ್ಟುಡಿಯೋ ಪ್ರತಿಧ್ವನಿಯನ್ನೇ ನುಂಗಿಬಿಡುವುದರಿಂದ ಸ್ವಂತ ಧ್ವನಿ ಒಣಗಿದಂತೆ ಕೇಳಿ ಮೊದಲ ಸಲ ಹೋದವರು ಗಾಬರಿಯಾಗುತ್ತಾರೆ. ಅದಕ್ಕೆ ತಯಾರಾಗಲು ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದರೆದುರು ನಿಂತು ಹಾಡಿ ನೋಡಬಹುದು. ಬಾಯಿಗೂ ಮೈಕಿಗೂ ಒಂದು ಗೇಣು ದೂರವಿಡಿ, ಪಕಾರ ಫಕಾರಗಳಲ್ಲಿ ಮುಖವನ್ನು ಕೊಂಚ ಓರೆ ಮಾಡಿ. ಉಸಿರನ್ನು ಮೂಗಿನಿಂದಲೇ ತೆಗೆದುಕೊಳ್ಳಿ, ಬಾಯಿಯಿಂದ ಎಳೆದರೆ ಆ ಸದ್ದೂ ದಾಖಲಾಗುತ್ತದೆ.